ನಾನು ಅತ್ತರೆ ಓಡುತ್ತಿದ್ದ ಚಿತ್ರಗಳು

ಸಿನಿಮಾ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಕಣ್ಣುರಿ. ಕಥೆ, ಹಾಡು, ಕುಣಿತ ಎಲ್ಲ ಆಮೇಲೆ. ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯ ಬದಿಯಲ್ಲಿ ನಮ್ಮ ಯಜಮಾನರು ಒಂದು ಟೂರಿಂಗ್ ಟಾಕೀಸ್ ಇಟ್ಟಿದ್ದರು. ಟಾಕೀಸ್ ಎನ್ನುವುದು ಬೋರ್ಡಿನ ಮೇಲಿನ ಮಾತು, ಊರಿನವರು ಕರೆಯುತ್ತಿದ್ದುದು ಟೆಂಟ್ ಎಂದೇ. ತೇಪೆ ಹಾಕಿದ ಗುಡಾರ, ಮುಂದೆ ಮರಳಿನ ನೆಲ, ಹಿಂದೆ ಬೆಂಚು, ಅದರ ಹಿಂದೆ ಒಂದಷ್ಟು ಕುರ್ಚಿ. ಮಳೆಗಾಲದಲ್ಲಿ ಬಿಚ್ಚಿ ಮಡಿಚಿಡುತ್ತಿದ್ದೆವು. ಉಳಿದ ತಿಂಗಳಲ್ಲಿ ನಮ್ಮ ಒಲೆ ಉರಿಯುತ್ತಿದ್ದುದು ಅದರಿಂದಲೇ.

ಆಗ ಹೊಸ ಚಿತ್ರಗಳು ಮೊದಲು ದಾವಣಗೆರೆಯ ಥಿಯೇಟರಿಗೆ ಬರುತ್ತಿದ್ದವು. ಅಲ್ಲಿ ಆಡಿ ಹಳತಾದ ಮೇಲೆ ನಮ್ಮಂಥವರ ಪಾಲು. ಆದರೆ ದಾವಣಗೆರೆಯಲ್ಲಿ ಓಡಿದ್ದು ಹರಿಹರದಲ್ಲಿ ಓಡಬೇಕೆಂದೇನೂ ಇರಲಿಲ್ಲ. ಅಲ್ಲಿ ಗಿರಣಿಯ ಜನ ಶಿಳ್ಳೆ ಹೊಡೆದು ನೋಡಿದ ಚಿತ್ರಕ್ಕೆ ಇಲ್ಲಿ ನೊಣ ಹೊಡೆಯುತ್ತಾ ಕೂತಿದ್ದೂ ಉಂಟು, ಅಲ್ಲಿ ವಾರ ತುಂಬುವ ಮೊದಲೇ ಎತ್ತಿದ ಚಿತ್ರಕ್ಕೆ ಇಲ್ಲಿ ಜನ ಮುಗಿಬಿದ್ದದ್ದೂ ಉಂಟು. ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು ಎನ್ನುವುದು ಯಜಮಾನರ ತಲೆನೋವು. ಅದು ನನ್ನ ತಲೆಗೆ ಬಂದದ್ದು ಮದುವೆಯಾದ ಹೊಸತರಲ್ಲಿ.

ಸೀರೆ ಕೊಡಿಸುತ್ತೇನೆಂದು ದಾವಣಗೆರೆಗೆ ಕರೆದುಕೊಂಡು ಹೋದವರು ಮ್ಯಾಟಿನಿಗೆ ಕೂರಿಸಿದರು. ಥಿಯೇಟರ್ ಅರ್ಧಕ್ಕರ್ಧ ಖಾಲಿ. ಗಂಡ ಸತ್ತ ಹೆಣ್ಣೊಬ್ಬಳು ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ಮಗನನ್ನು ಬೆಳೆಸುವ ಕಥೆ. ನಾನು ಸೆರಗು ಹಿಂಡುವಷ್ಟು ಅತ್ತೆ. ಯಾರೂ ಕೇಳದ ಆ ಚಿತ್ರವನ್ನು ಯಜಮಾನರು ಅಗ್ಗಕ್ಕೆ ತಂದರು. ಹರಿಹರದ ಹೆಂಗಸರು, ಹೊಳೆಯಾಚೆಯ ಹಳ್ಳಿಯವರು ಕೂಸುಕುನ್ನಿಗಳನ್ನು ಕಟ್ಟಿಕೊಂಡು ಗಾಡಿಯಲ್ಲಿ ಬಂದು ನೋಡಿದರು. ಹೆಂಗಸರ ಕಡೆಯ ಮರಳಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವತ್ತಿನಿಂದ ನಾನು ಹೆಂಡತಿಯ ಜೊತೆಗೆ ಮನೆಯ ತಕ್ಕಡಿಯೂ ಆದೆ.

ತಕ್ಕಡಿ ಸರಿಯಾಗಿ ತೂಗಬೇಕಲ್ಲ, ಅದಕ್ಕೆ ಒಂದು ಕಟ್ಟಳೆ ಹುಟ್ಟಿತು. ಚಿತ್ರ ನೋಡುವ ಹಿಂದಿನ ದಿನ ನನ್ನನ್ನು ಯಾರೂ ಬೈಯುವಂತಿಲ್ಲ, ಕೆಟ್ಟ ಸುದ್ದಿ ಹೇಳುವಂತಿಲ್ಲ. ಮನೆಯ ದುಃಖಕ್ಕೆ ಅತ್ತು ಬಂದರೆ ಚಿತ್ರದ ಲೆಕ್ಕ ತಪ್ಪುತ್ತದೆ ಎನ್ನುವುದು ಯಜಮಾನರ ವಾದ. ನಮ್ಮತ್ತೆ ಅದನ್ನು ವ್ರತದ ಹಾಗೆ ಪಾಲಿಸಿದರು.

“ನಾಳೆ ಪಿಕ್ಚರ್‌ಗೆ ಹೋಗಬೇಕು ಅದು. ಇವತ್ತು ಯಾರೂ ಏನೂ ಅನಬ್ಯಾಡ್ರಿ” ಎಂದು ಬೆಳಿಗ್ಗೆಯೇ ಮನೆಯಲ್ಲಿ ಸಾರುತ್ತಿದ್ದರು. ಸಾರು ಉಪ್ಪಾದರೂ ಅವತ್ತು ಸುಮ್ಮನೆ ಉಣ್ಣುತ್ತಿದ್ದರು. ಬಾಕಿ ಉಳಿದ ಬೈಗುಳವೆಲ್ಲ ಮಾರನೆಯ ದಿನ ಬಡ್ಡಿಸಮೇತ ಬರುತ್ತಿತ್ತೆನ್ನಿ.

ನಸುಕಿಗೆ ಎದ್ದು, ನೀರು ತುಂಬಿ, ರೊಟ್ಟಿ ಬಡಿದಿಟ್ಟು, ಬಸ್ಸಿನಲ್ಲಿ ನಿಂತು ದಾವಣಗೆರೆಗೆ ಹೋಗಿ, ಅಲ್ಲಿ ಕೂತು ಅಳಬೇಕು. ಯಜಮಾನರು ಪರದೆಯ ಕಡೆ ನೋಡುತ್ತಿರಲಿಲ್ಲ. ಅರ್ಧ ತಿರುಗಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಎಷ್ಟು ಚಿತ್ರ ತಂದರೋ, ಒಂದನ್ನಾದರೂ ಆ ಮನುಷ್ಯ ನೆಟ್ಟಗೆ ನೋಡಿದ್ದಿಲ್ಲ. ನನಗೋ ಕಣ್ಣೀರು ಬಂದರೆ ಒರೆಸಿಕೊಳ್ಳಲೂ ಸಂಕೋಚ. ಅವರಿಗೆ ಕಾಣಬೇಕಲ್ಲ.

ಮುಗಿದ ಮೇಲೆ ಮಂಡಿಪೇಟೆಗೆ. ಅಲ್ಲಿ ಅಕ್ಕಿ ಅಂಗಡಿಯೊಂದರ ಮಾಳಿಗೆಯ ಮೇಲೆ ಚಿತ್ರ ಕೊಡುವ ಏಜೆಂಟರ ಕೋಣೆ. ವಯಸ್ಸಾದ ಸಾಹೇಬರು, ನಗುಮುಖ. ನಾನು ಮೆಟ್ಟಿಲು ಹತ್ತಿ ಬರುವುದನ್ನೇ ನೋಡುತ್ತಿದ್ದು, “ಏನಮ್ಮಾ, ಇವತ್ತು ಸೆರಗು ಒದ್ದೆ ಆತೋ ಇಲ್ಲೋ?” ಎನ್ನುತ್ತಿದ್ದರು.

“ಒಣಗೇ ಐತ್ರಿ.”

“ಹಂಗಾದ್ರೆ ಇದು ನಿಮ್ಮ ಕಿಸ್ಮತ್‌ನಾಗ ಇಲ್ಲ ಬಿಡ್ರಿ. ಚಾ ಕುಡೀರಿ.”

ತಮಾಷೆ ಎಂದು ನೀವು ನಗಬಹುದು. ನನಗೂ ಮೊದಮೊದಲು ಹೆಮ್ಮೆಯೇ ಇತ್ತು. ವರ್ಷಗಳು ಹೋದಂತೆ ಬೇಸತ್ತೆ. ಮನೆಯಲ್ಲಿ ನಾಲ್ಕು ಜನರ ಊಟ ನನ್ನ ಕಣ್ಣಿನ ಮೇಲೆ ನಿಂತಿದೆ ಎಂಬುದೇ ಒಂದು ಭಾರ. ಅತ್ತು ಹಗುರಾಗುವುದು ಎಂದು ಜನ ಹೇಳುತ್ತಾರಲ್ಲ, ಆ ಸುಖ ನನಗೆ ಮರೆತೇ ಹೋಗಿತ್ತು.

ನನ್ನ ತವರು ನಂದಿಗುಡಿ. ಹರಿಹರದಿಂದ ಎಷ್ಟು ದೂರ ಮಹಾ, ಬಸ್ಸು ಸಿಕ್ಕರೆ ಹೋಗಿ ಬರಬಹುದು. ಅಲ್ಲಿ ಅವ್ವ ಅಂಗಳದ ತುಂಬ ಭತ್ತ ಒಣಹಾಕಿ, ಉದ್ದ ಕೋಲು ಹಿಡಿದು, ಪಕ್ಕದ ಮನೆಯ ಕೋಳಿಗಳನ್ನು ಅವುಗಳ ವಂಶದ ಸಮೇತ ಬೈಯುತ್ತಾ ಕೂತಿರುತ್ತಿದ್ದಳು. ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸುತ್ತಿದ್ದಳು, ನಾಲ್ಕು ದಿನ ಇದ್ದು ಹೋಗು ಬಾ ಎಂದು. ಈ ಪಿಕ್ಚರ್ ಒಂದು ಮುಗೀಲಿ ಎಂದು ನಾನು ಹೇಳಿಕಳಿಸುತ್ತಿದ್ದೆ. ಪಿಕ್ಚರ್ ಯಾವತ್ತು ಮುಗಿಯುತ್ತದೆ ಹೇಳಿ. ಒಂದು ಎತ್ತುವ ಮೊದಲೇ ಇನ್ನೊಂದನ್ನು ನೋಡಿಟ್ಟಿರಬೇಕು.

ಹೀಗೆ ನಡೆಯುತ್ತಿದ್ದಾಗ ದಾವಣಗೆರೆಗೆ ಆ ಭಾರಿ ಚಿತ್ರ ಬಂತು. ಆನೆಗಳು, ಕುದುರೆಗಳು, ಉರಿಯುವ ಅರಮನೆ, ರಾಜನಿಗೆ ಕಿರೀಟದ ಮೇಲೊಂದು ಕಿರೀಟ. ಥಿಯೇಟರಿನ ಮುಂದೆ ನಿಜವಾದ ಆನೆಯನ್ನೇ ತಂದು ನಿಲ್ಲಿಸಿದ್ದರು. ಸುತ್ತಿನ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಗಾಡಿ ಹೂಡಿದರು. ನಮ್ಮ ಹರಿಹರದವರು ರೈಲು ಹತ್ತಿ ಹೋಗಿ ನೋಡಿ ಬಂದರು, ಮತ್ತೆ ನೋಡಲು ಹೋದರು. ನಮ್ಮ ಟೆಂಟಿನ ಮರಳಿನ ಮೇಲೆ ನಾಯಿ ಹಾಯಾಗಿ ಮಲಗಿತ್ತು.

ನನ್ನನ್ನೂ ಕರೆದುಕೊಂಡು ಹೋಗಿ ಕೂರಿಸಿದರು. ನನಗೆ ಒಂದು ಹನಿಯೂ ಬರಲಿಲ್ಲ. ಅಷ್ಟು ಗದ್ದಲದಲ್ಲಿ ಯಾರಿಗಾಗಿ ಅಳುವುದು? ಆಕಳಿಕೆ ಬಂತು. ಯಜಮಾನರು ನನ್ನ ಆಕಳಿಕೆ ನಂಬಿ ಆ ಚಿತ್ರ ಬಿಟ್ಟರು. ಹೊಳೆಯಾಚೆ ಇನ್ನೊಬ್ಬರು ಟೆಂಟ್ ಹಾಕಿದ್ದರು. ಅವರು ಅದನ್ನೇ ತಂದು ಜಾತ್ರೆ ಮಾಡಿಬಿಟ್ಟರು.

ನನಗೆ ಬೇಜಾರಾದದ್ದು ಅದಕ್ಕಲ್ಲ. ಆ ಚಿತ್ರ ಬಂದು ಹೋದ ಮೇಲೆ ನೋಡುವವರ ಕಣ್ಣೇ ಬದಲಾಯಿತು. ಟಿಕೆಟ್ ಕಿಂಡಿಗೆ ಬಂದವರು ಬಗ್ಗಿ ಕೇಳುವುದೇ ಒಂದು: “ಇದ್ರಾಗ ಆನೆ ಐತೇನ್ರಿ?” ಇಲ್ಲ ಎಂದರೆ ತಿರುಗಿ ನಡೆದರು. ರೊಟ್ಟಿ ಬಡಿಯುವ ಹೆಣ್ಣಿನ ಚಿತ್ರಕ್ಕೆ ನನ್ನ ಜೊತೆ ಅತ್ತಿದ್ದ ಹೆಂಗಸರೇ, “ಅವೆಲ್ಲ ನಮ್ಮನ್ಯಾಗ ದಿನಾ ನೋಡೋದು ಐತಲ್ಲವ್ವ” ಎಂದರು. ಸುಳ್ಳೇನೂ ಅಲ್ಲ. ಚಿತ್ರ ಮಾಡುವವರೂ ಆನೆಯ ಬಾಲ ಹಿಡಿದೇ ಹೊರಟರು. ಸಣ್ಣ ಚಿತ್ರಗಳು ಬರುವುದು ಕಡಿಮೆಯಾಯಿತು, ಬಂದವು ಬಂದ ದಾರಿಯಲ್ಲೇ ಹೋದವು. ಒಂದು ಮಳೆಗಾಲ ಬಿಚ್ಚಿಟ್ಟ ಗುಡಾರವನ್ನು ಮತ್ತೆ ಎತ್ತುತ್ತೇವೋ ಇಲ್ಲವೋ ಎನ್ನುವ ಹಾಗಾಯಿತು.

ಆಗ ಸಾಹೇಬರು ಅಂಥದ್ದೇ ಇನ್ನೊಂದು ಭಾರಿ ಚಿತ್ರ ತಂದರು. ದಾವಣಗೆರೆಯಲ್ಲಿ ಇನ್ನೂ ಹೊಸದು. ಆಚೆ ಟೆಂಟಿನವರು ಕಾಯುತ್ತಿದ್ದಾರೆ, ನಾಳೆ ನೋಡಿ ನಾಳೆಯೇ ಹೇಳಬೇಕು ಎಂದು ಸುದ್ದಿ ಕಳಿಸಿದರು. ಈ ಸಲ ತಪ್ಪಿದರೆ ಟೆಂಟ್ ಉಳಿಯುವುದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನನಗೆ ಗೊತ್ತಿಲ್ಲದ ಇನ್ನೊಂದು ಸುದ್ದಿಯೂ ಅವತ್ತು ಮನೆಗೆ ಬಂದಿತ್ತು. ನಾನು ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಾಗ ನಂದಿಗುಡಿಯಿಂದ ಅಣ್ಣ ಬಂದಿದ್ದ. ಅವ್ವನಿಗೆ ಕಾಯಿಲೆ ಜಾಸ್ತಿಯಾಗಿದೆ, ತಂಗಿಯನ್ನು ಈಗಲೇ ಕಳಿಸಿಕೊಡಿ ಎಂದು ಕೇಳಿದ್ದ. ನಮ್ಮತ್ತೆ ಕೆಟ್ಟವರಲ್ಲ, ಈಗಲೂ ಹೇಳುತ್ತೇನೆ. ಕಟ್ಟಳೆ ಅವರ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು. “ನಾಳೆ ಸಂಜಿ ಬಸ್ಸಿಗೆ ತಪ್ಪದಂಗ ಕಳಿಸ್ತೀವಿ. ಇವತ್ತು ಅದಕ್ಕೆ ಏನೂ ಹೇಳಂಗಿಲ್ಲಪ್ಪ” ಎಂದು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದರು. ಯಜಮಾನರು ಹೂಂ ಎಂದಿದ್ದರು.

ಮಾರನೆಯ ದಿನ ಥಿಯೇಟರಿನಲ್ಲಿ ಕೂತೆ. ಮತ್ತದೇ ಆನೆ, ಅದೇ ಬೆಂಕಿ. ಮೈಯೆಲ್ಲ ನೋವು, ನಿದ್ದೆ ಎಳೆಯುತ್ತಿತ್ತು. ಎಂದಿನಂತೆ ಯಜಮಾನರು ನನ್ನ ಮುಖ ನೋಡುತ್ತಿದ್ದಾರೆ ಎಂದು ಪಕ್ಕಕ್ಕೆ ತಿರುಗಿದೆ. ಅವರು ಅವತ್ತು ನನ್ನ ಕಡೆ ನೋಡುತ್ತಿರಲಿಲ್ಲ. ಪರದೆಯ ಕಡೆ ಮುಖ ಮಾಡಿ ಕೂತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ಅವರ ಅಪ್ಪ ಹೋದಾಗಲೂ ಆ ಮನುಷ್ಯ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಅಬ್ಬ, ಇಂಥ ಕಲ್ಲನ್ನೂ ಕರಗಿಸಿತಲ್ಲ ಈ ಪಿಕ್ಚರ್ ಎಂದುಕೊಂಡೆ. ಆನೆಯ ಚಿತ್ರ ಅಳೆಯಲು ನನ್ನ ಕಣ್ಣು ಬಾರದು ಎನ್ನುವುದು ಹಿಂದಿನ ಸಲವೇ ಗೊತ್ತಾಗಿತ್ತು. ಬಹುಶಃ ಇಂಥವಕ್ಕೆ ಗಂಡಸರ ಕಣ್ಣೇ ಬೇಕೇನೋ. ನನಗೆ ಒಳಗೊಳಗೆ ಸಂತೋಷವೂ ಆಯಿತು. ಇನ್ನು ಮೇಲೆ ಅವರೇ ಅಳಲಿ, ನಾನು ನಂದಿಗುಡಿಗೆ ಹೋಗಿ ನಾಲ್ಕು ದಿನ ಮಲಗುತ್ತೇನೆ ಎಂದು.

ಮಾಳಿಗೆಯ ಮೆಟ್ಟಿಲ ಮೇಲೆ ಯಜಮಾನರು ತಲೆ ತಗ್ಗಿಸಿಯೇ ಕೇಳಿದರು: “ಏನಂತಿ?”

“ತಗೊಳ್ರಿ. ಓಡ್ತೈತೆ.”

ಅವರು ಮೇಲೆ ಹೋಗಿ ಒಪ್ಪಿಕೊಂಡು ಮುಂಗಡ ಕೊಟ್ಟರು. ಸಾಹೇಬರು ಚಾ ತರಿಸಿದರು, ಯಜಮಾನರು ಮುಟ್ಟಲಿಲ್ಲ. ಕೆಳಗಿಳಿದು ಬಂದ ಮೇಲೆ, ಅಕ್ಕಿ ಮೂಟೆ ಇಳಿಸುವ ಹಮಾಲರ ನಡುವೆ ನಿಂತು ಹೇಳಿದರು.

“ನಿಮ್ಮಣ್ಣ ಬಂದಿದ್ದ ನಿನ್ನೆ. ನಿಮ್ಮವ್ವಗ ಹುಷಾರಿಲ್ಲಂತೆ.”

“ನಿನ್ನೆ ಬಂದಿದ್ದನೇನ್ರಿ?”

“ಹೂಂ.”

ನನಗೆ ಆಗ ಅವರ ಕಣ್ಣೀರು ಅರ್ಥವಾಯಿತು. ಇಷ್ಟೂ ಹೊತ್ತು ಅವರು ನೋಡುತ್ತಿದ್ದುದು ಚಿತ್ರವನ್ನಲ್ಲ.

ನಂದಿಗುಡಿ ಮುಟ್ಟುವಾಗ ಸಂಜೆ. ಅವ್ವ ಮಧ್ಯಾಹ್ನವೇ ಹೋಗಿದ್ದಳು. ಹಣೆತುಂಬ ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. “ನಿನ್ನೆಯಿಂದ ಬಸ್ಸಿನ ಸಪ್ಪಳ ಆದಾಗೆಲ್ಲ ಬಂದ್ಲೇನೋ ಅಂತ ಕೇಳ್ತಿದ್ಲು” ಎಂದ ಅಣ್ಣ. ಬೈಯಲಿಲ್ಲ, ಅಷ್ಟೇ ಹೇಳಿದ.

ನಾನು ಅವ್ವನ ಎದುರು ಕೂತೆ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಸುತ್ತ ಕೂತ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ಥಿಯೇಟರಿನಲ್ಲಿ ಯಜಮಾನರು ನೋಡುವ ಹಾಗೆ. ಅವರಿಗೆಲ್ಲ ನನ್ನ ತಕ್ಕಡಿಯ ಕಥೆ ಗೊತ್ತಿತ್ತು. ಹಿಂದಿನಿಂದ ಒಬ್ಬಾಕೆ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು: “ಪಿಕ್ಚರ್‌ಗೆ ಅಳಾಕಿ, ಹಡೆದವ್ವಗ ಅಳವಲ್ಲಳು ನೋಡು.”

ಆ ಚಿತ್ರ ಟೆಂಟಿಗೆ ಬಂತು, ಓಡಲಿಲ್ಲ. ಆನೆ ನೋಡಿ ನೋಡಿ ಜನಕ್ಕೂ ಸಾಕಾಗಿತ್ತೋ ಏನೋ. ಹಾಗಾದರೆ ಏನು ಬೇಕು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ನಮ್ಮ ಗುಡಾರದ ಬಟ್ಟೆ ಮಂಡಿಪೇಟೆಯಲ್ಲಿ ಮೂಟೆಗಳಿಗೆ ಹೊದಿಸಲು ಹೋಯಿತು. ನಾವು ದಾವಣಗೆರೆಗೆ ಬಂದು ನಿಟ್ಟುವಳ್ಳಿಯಲ್ಲಿ ಒಂದು ಸಣ್ಣ ಮನೆ ಹಿಡಿದೆವು. ಯಜಮಾನರು ನಾನು ಕೂತು ಅಳುತ್ತಿದ್ದ ಅದೇ ಥಿಯೇಟರಿನಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದರು. ಆ ಸಲ ನಾನು ಓಡ್ತೈತೆ ಎಂದು ಯಾಕೆ ಹೇಳಿದೆ ಎಂದು ಅವರು ಯಾವತ್ತೂ ಕೇಳಲಿಲ್ಲ. ಒಮ್ಮೆ ನಾನೇ ಹೇಳಿದೆ, ಅವರ ಕಣ್ಣೀರು ನೋಡಿ ಹಾಗಂದೆ ಎಂದು. ಕೇಳಿಸಿಕೊಂಡು, “ಅವತ್ತು ನೀನು ಏನಂದಿದ್ರೂ ನಾನು ಹೂಂ ಅಂತಿದ್ದೆ” ಎಂದರು.

ಬಹಳ ಕಾಲ ನಾನು ಸಿನಿಮಾಕ್ಕೆ ಹೋಗಲಿಲ್ಲ, ಯಾವುದಕ್ಕೂ ಅಳಲೂ ಇಲ್ಲ. ಒಂದು ದಿನ ಪಕ್ಕದ ಮನೆಯಾಕೆ ಒಬ್ಬಳೇ ಹೋಗಲು ಅಂಜಿ ನನ್ನನ್ನು ಎಳೆದುಕೊಂಡು ಹೋದಳು. ಯಾವುದೋ ಸಾಧಾರಣ ನಗೆಚಿತ್ರ, ಥಿಯೇಟರ್ ಖಾಲಿ ಹೊಡೆಯುತ್ತಿತ್ತು. ನಾಯಕ ಸೈಕಲ್ ತುಳಿಯುತ್ತಾ ಹಳ್ಳಿಯೊಂದನ್ನು ದಾಟುತ್ತಾನೆ. ದಾರಿಬದಿಯ ಅಂಗಳದಲ್ಲಿ ಒಬ್ಬ ಮುದುಕಿ ಭತ್ತ ಹರವಿಕೊಂಡು, ಕೋಲು ಹಿಡಿದು ಕೋಳಿ ಅಟ್ಟುತ್ತಿದ್ದಾಳೆ. ಅವಳಿಗೂ ಕಥೆಗೂ ಏನೂ ಸಂಬಂಧವಿಲ್ಲ. ಸೈಕಲ್ ಮುಂದೆ ಹೋಯಿತು, ಅವಳು ಹಿಂದೆ ಉಳಿದಳು.

ನಾನು ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾಗದೆ ಅತ್ತೆ. ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದವರು ನಗುತ್ತಿದ್ದರು, ನಾನು ಬಿಕ್ಕುತ್ತಿದ್ದೆ. ಬಾಗಿಲಲ್ಲಿದ್ದ ಯಜಮಾನರು ಯಾರಿಗೋ ಸೀಟು ತೋರಿಸಲು ಬ್ಯಾಟರಿ ಹಾಕಿದರು. ಬೆಳಕು ನನ್ನ ಮುಖಕ್ಕೆ ಬಿತ್ತು. ಅವರು ಅದನ್ನು ಕೂಡಲೇ ನೆಲದ ಕಡೆ ತಿರುಗಿಸಿದರು.

ಆಟ ಬಿಟ್ಟ ಮೇಲೆ ಪಕ್ಕದ ಮನೆಯಾಕೆಯನ್ನು ಮುಂದೆ ಕಳಿಸಿ, ನಿಟ್ಟುವಳ್ಳಿಯ ದಾರಿಯಲ್ಲಿ ನಾನೂ ಯಜಮಾನರೂ ನಡೆದೆವು.

“ಈ ಪಿಕ್ಚರ್ ನಾಳೆ ಎತ್ತಿಬಿಡ್ತಾರಂತೆ. ಓಡ್ಲಿಲ್ಲ” ಎಂದರು ಅವರು.

“ಎತ್ತಲಿ ಬಿಡ್ರಿ” ಎಂದೆ. “ನಾನು ನಮ್ಮವ್ವನ್ನ ನೋಡಿ ಬಂದೆ.”