ರೈಲು ಗುಂಡಿಯ ಪಾರ್ವತತ್ತೆ

ಹಸಿ ಕೆಮ್ಮಣ್ಣಿನ ವಾಸನೆ ಬಂದರೆ ನಾನು ಇಂದಿಗೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಮಣ್ಣಿನ ಘಮವನ್ನು ಹಾಡಿ ಹೊಗಳುವವರ ಬಾಯಿಗೆ ಅದೇ ಮಣ್ಣನ್ನು ತುರುಕಬೇಕು ಅನ್ನಿಸುತ್ತದೆ. ಮೊನ್ನೆ ಕುಶಾಲನಗರದ ಬಳಿ ಜೆಸಿಬಿಯೊಂದು ಗುಡ್ಡ ಬಗೆಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಆ ವಾಸನೆ ನುಗ್ಗಿದ್ದೇ ತಡ, ನಮ್ಮೂರಿನ ರೈಲು ಗುಂಡಿಯ ಅಂಚಿನಲ್ಲಿ ಬಗ್ಗಿ ಹುಲ್ಲು ಕೊಯ್ಯುವ ಪಾರ್ವತತ್ತೆ ಕಣ್ಣೆದುರು ಬಂದಳು.

ಕೊಡಗಿಗೆ ಇಂದಿಗೂ ರೈಲಿಲ್ಲ, ನಿಮಗೆ ಗೊತ್ತೇ ಇದೆ. ಆದರೆ ನಾನು ಹುಟ್ಟುವ ಮೊದಲೇ ಹಳಿ ಹಾಕುತ್ತೇವೆಂದು ಬಂದವರು ನಮ್ಮ ಮನೆಯ ಹಿಂದಿನ ಗುಡ್ಡವನ್ನು ಎರಡಾಳು ಆಳಕ್ಕೆ ಸೀಳಿದರು. ಮಳೆಗಾಲ ಹಿಡಿದಾಗ ಗುದ್ದಲಿ ಎತ್ತಿಕೊಂಡು ಹೋದವರು ತಿರುಗಿ ಬರಲಿಲ್ಲ. ಗುಡ್ಡವನ್ನು ಪುಕ್ಕಟೆ ಬಿಟ್ಟುಕೊಟ್ಟವರು ನನ್ನ ತಾತ. ಅವರ ಮಗಳು ಪಾರ್ವತಿಗೆ ಆಗ ಅರಸೀಕೆರೆಯಲ್ಲಿ ರೈಲ್ವೆ ಕೆಲಸದಲ್ಲಿದ್ದ ಗಂಡು ಗೊತ್ತಾಗಿತ್ತು. ನಿಶ್ಚಯದ ದಿನ ತಾತ ಹತ್ತೂರಿನವರ ಮುಂದೆ ಕೈಯಲ್ಲಿ ವೀಳ್ಯ ಹಿಡಿದು, ಗಂಡಿನ ದಿಬ್ಬಣ ಮೊದಲ ರೈಲಿನಲ್ಲಿ ಬಂದು ನಮ್ಮ ಜಾಗದಲ್ಲೇ ಇಳಿಯಬೇಕು, ಆಮೇಲೇ ತಾಳಿ ಎಂದುಬಿಟ್ಟರು. ವೀಳ್ಯ ಹಿಡಿದು ಆಡಿದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಂಡವರಲ್ಲ. ಗಂಡು ಎರಡು ವರ್ಷ ಕಾದು ಬೇರೆ ಮದುವೆಯಾದ. ಬೇರೆ ಕಡೆ ನೋಡೋಣ ಎಂದು ಅಮ್ಮ ಗೋಗರೆದಾಗಲೆಲ್ಲ ತಾತ, “ಯಾರಾದ್ರೂ ಬರ್ಲಿ, ರೈಲಲ್ಲಿ ಬರ್ಲಿ,” ಎಂದು ಎಲೆಗೆ ಸುಣ್ಣ ಸವರುತ್ತಿದ್ದರು. ಆ ಮುದುಕನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅತ್ತೆ ಹುಲ್ಲಿನ ಹೊರೆ ಹೊತ್ತು ಬಂದರೆ ಬಾವಿಕಟ್ಟೆಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು, “ಪಾರ್ವತಕ್ಕ, ರೈಲು ಎಲ್ಲಿಗೆ ಬಂತಂತೆ?” ಅನ್ನುತ್ತಿದ್ದರು. “ಹಾಸನ ದಾಟಿರ್ಬೇಕು ಕಣ್ರೇ,” ಎಂದು ಅತ್ತೆಯೂ ನಗುತ್ತಿದ್ದಳು. ಒಮ್ಮೆ ನಾನು ಅಪ್ಪನ ಜೊತೆ ಮೈಸೂರಿಗೆ ಹೋಗಿ ರೈಲು ಹತ್ತಿ ಬಂದಾಗ, ನನ್ನ ತಲೆ ಬಾಚುತ್ತಾ ಮೆಲ್ಲಗೆ ಕೇಳಿದಳು: “ಅದ್ರಲ್ಲಿ ಕೂತ್ಕೊಂಡೇ ಹೋಗ್ಬೋದೇನೆ? ಜಾಗ ಸಿಗುತ್ತಾ?” ಸಿಗುತ್ತದೆ ಎಂದೆ. ಬಾಚಿ ಮುಗಿಸಿದ್ದ ತಲೆಯನ್ನೇ ಅತ್ತೆ ಮತ್ತೊಮ್ಮೆ ಮೊದಲಿನಿಂದ ಬಾಚಿದಳು.

ಆ ಆಷಾಢದಲ್ಲೇ ಜ್ವರ ಬಂದು ಅತ್ತೆ ಹೋದಳು. ಹಳ್ಳ ತುಂಬಿ ಸ್ಮಶಾನಕ್ಕೆ ದಾರಿಯಿರಲಿಲ್ಲ. “ತೋಡಿದ ಗುಂಡಿ ಮನೆ ಹಿಂದೇನೇ ಇದ್ಯಲ್ಲ,” ಎಂದರು ತಾತ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ರೈಲು ಗುಂಡಿಯ ತಳವನ್ನು ಇನ್ನಷ್ಟು ಅಗೆದು, ಹಣೆಗೆ ವಿಭೂತಿ ಬಳಿದು ಅತ್ತೆಯನ್ನು ಕೂರಿಸಿದರು. ಕೆಮ್ಮಣ್ಣು ಮಡಿಲಿಗೆ ಬಿತ್ತು, ಕೊರಳಿಗೆ ಬಂತು, ಆಮೇಲೆ ಬಾಯಿಗೆ. ಹಿಂತಿರುಗುವಾಗ ಬಾವಿಕಟ್ಟೆಯವಳೊಬ್ಬಳು, “ಅಂತೂ ಜಾಗ ಸಿಕ್ತು,” ಅಂದಳು. ಜೊತೆಗಿದ್ದವರು ನಕ್ಕರು.

ಈಗ ಆ ಮನೆಯಿಲ್ಲ, ಅದಿದ್ದಲ್ಲಿ ಯಾರೋ ಶುಂಠಿ ಬೆಳೆಯುತ್ತಾರೆ. ಮೊನ್ನೆ ಬಸ್ಸಿಳಿದು ಗುಂಡಿಯ ತನಕ ನಡೆದೆ. ಮತ್ತೆ ಸರ್ವೆಯವರು ಬಂದಿದ್ದರಂತೆ, ಅತ್ತೆಯ ಸಮಾಧಿಯ ಕಲ್ಲಿನ ಪಕ್ಕಕ್ಕೇ ಕೆಂಪು ಬಣ್ಣದ ಗೂಟ ಹೊಡೆದಿದ್ದಾರೆ. “ಈ ಸಲ ರೈಲು ಬಂದೇ ಬರುತ್ತೆ ಅಕ್ಕ,” ಎಂದ ಶುಂಠಿ ಹೊಲದವನು, ಖುಷಿಯಿಂದ. ಬಂದರೆ, ಜೆಸಿಬಿಯ ಹಲ್ಲು ಮೊದಲು ತಾಗುವುದು ಅಲ್ಲಿ ಕೂತೇ ಇರುವ ನನ್ನ ಅತ್ತೆಗೆ.