ಪೈಲ್ವಾನನ ಪಥ್ಯ

ನಮ್ಮ ನಾಯಿಯನ್ನು ಮೊದಲ ಸಲ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾವಾಗ ಮರಿ ಹಾಕತೈತ್ರಿ ಇದು?" ಅವನು ಗಂಡು ಎಂದು ನಾನು ಹೇಳಬೇಕು. ಅವರು ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿ ಬಿಸಿಲಿನ ಮಾತು ಎತ್ತಬೇಕು. ನನಗೆ ಈ ಅವಮಾನ ರೂಢಿಯಾಗಿದೆ. ಪೈಲ್ವಾನನಿಗೆ (ನಾಯಿಯ ಹೆಸರು ಅದೇ) ಅವಮಾನ ಎಂದರೇನೆಂದೇ ಗೊತ್ತಿಲ್ಲ. ಕೇಳಿದವರ ಕೈಯಲ್ಲಿ ತಿನ್ನುವಂಥದ್ದು ಏನಾದರೂ ಇದೆಯೇ ಎಂದಷ್ಟೇ ನೋಡುತ್ತಾನೆ.

ಮರಿಯಾಗಿದ್ದಾಗ ಅವನು ಮುರಿದ ಛತ್ರಿಯ ಹಾಗಿದ್ದ: ನಾಲ್ಕು ಕಡ್ಡಿ, ಮೇಲೊಂದು ಕರಿ ಬಟ್ಟೆ. ಚೇಷ್ಟೆಗೆಂದು ಪೈಲ್ವಾನ ಎಂದು ಕರೆದೆ. ಊರವರನ್ನೆಲ್ಲ ಅಣಕಿಸಿಯೇ ಹೊಟ್ಟೆ ಹೊರೆಯುವವನು ನಾನು. ನಮ್ಮ ರಂಗಂಪೇಟೆ, ಸುರಪುರ, ಶಹಾಪುರದ ಮದುವೆಗಳಲ್ಲಿ ಮೈಕು ಹಿಡಿದು, ಹುಣಸಗಿ ಬಸ್ಸಿನ ಕಂಡಕ್ಟರನ ದನಿ, ಮುನಿಸಿಕೊಂಡ ಬೀಗರ ದನಿ, ಬೀಗರನ್ನು ಸಮಾಧಾನ ಮಾಡಹೋಗಿ ತಾನೇ ಮುನಿಸಿಕೊಂಡ ಹಿರಿಯರ ದನಿ ತೆಗೆದು ನಗಿಸುತ್ತೇನೆ. ನಾಯಿಯ ಹೆಸರೂ ಅಂಥದ್ದೇ ಒಂದು ಅಣಕವಾಗಿತ್ತು. ಅವನು ಅದನ್ನು ಆಜ್ಞೆ ಎಂದುಕೊಂಡ.

ನಗು ನಿಂತದ್ದು ಈ ವರ್ಷ ಬಿಸಿಲು ಏರತೊಡಗಿದಾಗ. ಒಂದು ಮಧ್ಯಾಹ್ನ ಪೈಲ್ವಾನ ಅಂಗಳದಿಂದ ಎದುರಿನ ಬೇವಿನ ನೆರಳಿಗೆ ಹೊರಟವನು ನಡುದಾರಿಯಲ್ಲಿ ಕುಳಿತ. ಕುಳಿತವನು ಮಲಗಿದ. ನಾಲಿಗೆ ಮಣ್ಣಿಗೆ ತಾಗುತ್ತಿತ್ತು, ಪಕ್ಕೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು. ಕರೆದೆ, ಬಾಲ ಅಲ್ಲಾಡಿತು, ಮೈ ಅಲ್ಲಾಡಲಿಲ್ಲ. ಅವ್ವ ತಂಬಿಗೆ ನೀರು ತಂದು ಸುರಿದಳು. ಇಬ್ಬರೂ ಸೇರಿ ನೆರಳಿಗೆ ಎಳೆದೆವು. ಎಳೆಯುವಾಗ ಅವನು ನನ್ನ ಮುಖ ನೋಡಿದ ರೀತಿಯಲ್ಲಿ ಕ್ಷಮೆ ಕೇಳುವವನ ಸಂಕೋಚವಿತ್ತು. ನಾನು ಅದೆಷ್ಟೋ ಮುಖಗಳನ್ನು ಅಣಕಿಸಿದ್ದೇನೆ, ಅದೊಂದನ್ನು ಅಣಕಿಸಲಾರೆ.

ಆಟೊದಲ್ಲಿ ಹೇರಿಕೊಂಡು ಸುರಪುರದ ದನದ ದವಾಖಾನೆಗೆ ಹೋದೆ. ಅಲ್ಲಿನ ಡಾಕ್ಟರ್ ಮೇಡಂ ಮೈಸೂರು ಕಡೆಯವರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಹೃದಯಕ್ಕೆ ತುಂಬಾ ಭಾರ ಆಗ್ತಿದೆ. ಹೀಗೇ ಇದ್ರೆ ಈ ಬೇಸಿಗೆ ದಾಟೋದು ಕಷ್ಟ ಕಣ್ರೀ," ಎಂದರು. ಬೇರೆ ದಿನವಾಗಿದ್ದರೆ ಆ 'ಕಣ್ರೀ'ಯನ್ನು ಬಾಗಿಲು ದಾಟುವಷ್ಟರಲ್ಲಿ ನಾಲಿಗೆಗೆ ಇಳಿಸಿಕೊಂಡು, ಸಂಜೆ ಗೆಳೆಯರ ಮುಂದೆ ಬಿಡುತ್ತಿದ್ದೆ. ಅಂದು, ಮುಂದೇನು ಮಾಡಬೇಕೆಂದಷ್ಟೇ ಕೇಳಿದೆ.

ಪಥ್ಯ ಹೇಳಿದರು. ಒಮ್ಮೆಲೇ ಉಪವಾಸ ಕೆಡವಬಾರದು. ರೊಟ್ಟಿ ಅರ್ಧಕ್ಕಿಳಿಯಬೇಕು; ಜೊತೆಗೆ ಬೇಯಿಸಿದ ಕುಂಬಳಕಾಯಿ, ಬೀನ್ಸು, ಚರ್ಮ ತೆಗೆದ ಉಪ್ಪಿಲ್ಲದ ಕೋಳಿಯ ತುಣುಕು. ತುಪ್ಪ, ಬೆಲ್ಲ, ಬಿಸ್ಕೀಟು ಬಂದ್. ಬಿಸಿಲೇರುವ ಮುಂಚೆ ಸ್ವಲ್ಪ ನಡಿಗೆ.

"ಊಟ ಹಾಕೋದು ಯಾರು?" ಎಂದು ಕೇಳಿದರು.

"ನಾವರಿ. ನಾನು ಮತ್ತ ನಮ್ಮವ್ವ."

"ಮತ್ತೆ ಯಾರೂ ಇಲ್ವಾ?"

"ಇಲ್ರಿ," ಎಂದೆ. ಹಾಗೆಂದೇ ನಂಬಿದ್ದೆ.

ನಾಯಿಯನ್ನು ತೂಗುವಂಥದ್ದು ನಮ್ಮಲ್ಲಿ ಇರುವುದು ಅಡತಿ ಅಂಗಡಿಯ ಕಾಂಟಾ ಒಂದೇ. ಹತ್ತಿ, ತೊಗರಿ ತೂಗುವ ಅದರ ಮೇಲೆ ಪೈಲ್ವಾನನನ್ನು ನಿಲ್ಲಿಸಿದೆ. "ಏನೋ ಮಲ್ಯಾ, ಚೀಲಕ್ಕ ಕಾಲು ಬಂದಾವಲ್ಲೋ!" ಎಂದ ಒಬ್ಬ ಹಮಾಲ. "ಹಸಿ ಐತೇನು ನೋಡ್ರೋ, ಹಸಿ ಇದ್ರ ದರ ಕಮ್ಮಿ," ಎಂದ ಇನ್ನೊಬ್ಬ. ಊರನ್ನು ನಗಿಸುವವನ ನಾಯಿಯನ್ನು ನೋಡಿ ಊರು ನಕ್ಕರೆ ದೂರುವಂತಿಲ್ಲ. ಮುಳ್ಳು ಎಲ್ಲಿ ನಿಂತಿತೆಂದು ಮನಸ್ಸಿನಲ್ಲೇ ಗುರುತಿಟ್ಟುಕೊಂಡು ಮನೆಗೆ ಬಂದೆ.

ನಾಯಿಗೂ ನಮ್ಮ ನಾಡಿಗೂ ಹಳೆಯ ನಂಟು. ಹಂದಿಯ ಮೇಲೆ ಬಿದ್ದು ಸತ್ತ ಬೇಟೆನಾಯಿಗೂ ಕಲ್ಲು ನಿಲ್ಲಿಸಿದವರು ನಮ್ಮ ಹಿಂದಿನವರು. ಆ ಕಲ್ಲುಗಳಲ್ಲಿ ಕೆತ್ತಿದ ನಾಯಿಯ ಸೊಂಟ ಹಿಡಿಗೆ ಸಿಗುವಷ್ಟು ಸಣ್ಣದು. ಸುರಪುರವಂತೂ ಬೇಡ ನಾಯಕರ ಊರು. ಈ ಗುಡ್ಡಗಳಲ್ಲಿ ಬೇಟೆನಾಯಿಗಳು ಗಾಳಿಯ ಹಾಗೆ ಹರಿದಾಡಿರಬೇಕು. ಪೈಲ್ವಾನನಿಗೆ ಕಲ್ಲು ನಿಲ್ಲಿಸುವುದಾದರೆ ಬಂಡೆಗೆ ಬಹಳ ಉಳಿಪೆಟ್ಟು ಬೀಳಲಿಕ್ಕಿಲ್ಲ. ಗುಂಡಗಿದ್ದದ್ದನ್ನು ಗುಂಡಗೇ ಬಿಟ್ಟರಾಯಿತು. ಇನ್ನು ಮೈಲಾರಲಿಂಗನ ಭಕ್ತರಾದ ವಗ್ಗಯ್ಯಗಳು ದೇವರೆದುರು ನಾಯಿಯ ಹಾಗೆ ಬೊಗಳಿ, ಬಟ್ಟಲಿಗೆ ಬಾಯಿ ಹಾಕಿ ಉಣ್ಣುತ್ತಾರೆ. ನಾಯಿಯ ಅನುಕರಣೆಯೇ ಭಕ್ತಿಯಾದ ಸೀಮೆ ಇದು. ನನ್ನ ಕಸುಬಿಗೂ ಅಷ್ಟರ ಮಟ್ಟಿಗೆ ದೈವಬಲವಿದೆ ಎಂದು ಹೇಳಿಕೊಳ್ಳುತ್ತೇನೆ. ಇದನ್ನೆಲ್ಲ ಯೋಚಿಸುತ್ತಿದ್ದದ್ದು ಯಾವಾಗ ಎನ್ನುತ್ತೀರಿ? ಅವನು ಮಲಗಿದ್ದಾಗ ಪಕ್ಕೆಯ ಮೇಲೆ ಕೈಯಿಟ್ಟು, ಉಸಿರು ಆಡುತ್ತಿದೆಯೇ ಎಂದು ನೋಡುತ್ತ. ಸ್ವಲ್ಪ ತಡವಾದರೆ ಸಾಕು, ನಾನು ಅಲುಗಿಸಿ ಎಬ್ಬಿಸುತ್ತಿದ್ದೆ. ಎದ್ದವನು ಊಟದ ಹೊತ್ತಾಯಿತೆಂದುಕೊಂಡು ತಟ್ಟೆಯ ಕಡೆ ನಡೆಯುತ್ತಿದ್ದ.

ಕುಂಬಳಕಾಯಿಯನ್ನು ಅವನು ನಿರಾಕರಿಸಲಿಲ್ಲ. ಪಾಪ, ಶಿಸ್ತಾಗಿ ತಿಂದ. ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಅನುಮಾನ ಹುಟ್ಟಿಸಬೇಕಿತ್ತು. ಕೆಲವು ದಿನ ಬಿಟ್ಟು ಮತ್ತೆ ಕಾಂಟಾ ಹತ್ತಿಸಿದರೆ ಮುಳ್ಳು ಮೊದಲಿನ ಗುರುತು ದಾಟಿ ಮುಂದೆ ಹೋಯಿತು. "ಕಾಂಟಾ ಕೆಟ್ಟೈತ್ರಿ," ಎಂದೆ. ಅಡತಿ ಸಾಹುಕಾರರು ಸುತ್ತ ನೋಡಿ, "ಮಂದಿ ಮುಂದ ಹಂಗನಬ್ಯಾಡಪಾ, ನಿನಗ ಕೈ ಮುಗೀತೀನಿ," ಎಂದರು.

ಮರುದಿನ ಶನಿವಾರ. ಬೆಳಿಗ್ಗೆ ಪೈಲ್ವಾನ ಅರ್ಧ ರೊಟ್ಟಿ ಮುಗಿಸಿ ಹೊರಬಿದ್ದಾಗ ನಾನು ಹಿಂದೆಯೇ ಹೋದೆ. ಓಣಿಯ ತಿರುವಿನಲ್ಲಿ ಅವನ ನಡಿಗೆ ಬದಲಾಯಿತು. ಕಿವಿ ಬಿದ್ದವು, ತಲೆ ಬಾಗಿತು, ಒಂದು ಕಾಲು ಸ್ವಲ್ಪ ಎಳೆಯತೊಡಗಿತು. ತಿರುವಿನಾಚೆಯ ಖಾಜಾಬಿ ಚಾಚಿಯ ಬಾಗಿಲಲ್ಲಿ ನಿಂತು, ನಿನ್ನೆ ಮೊನ್ನೆಯಿಂದ ಕೂಳು ಕಾಣದವನ ದನಿಯಲ್ಲಿ ಒಮ್ಮೆ ಕುಂಯ್ ಅಂದ. ವೇದಿಕೆ ಹತ್ತಿ ಇಷ್ಟು ವರ್ಷವಾದರೂ ನನಗೆ ಅಂಥ ದನಿ ಒಲಿದಿಲ್ಲ. ಚಾಚಿ ಎಲುಬಿನ ತಟ್ಟೆ ಹಿಡಿದು ಬಂದಳು. "ಅರೆ ಬೇಟಾ, ಮನ್ಯಾಗ ಏನೂ ಹಾಕಾಂಗಿಲ್ಲೇನು ಇದಕ? ಬಾಯಿಲ್ಲದ ಜಾನ್ವರ್ ಐತಿ," ಎಂದು ನನ್ನನ್ನೇ ಗದರಿದಳು.

ಅಲ್ಲಿಂದ ಮುಂದಿನದು ಶರಣಮ್ಮ ಚಿಗವ್ವನ ಮನೆ. ರಕ್ತಸಂಬಂಧವಿಲ್ಲ, ಓಣಿಗೆಲ್ಲ ಚಿಗವ್ವ. ಅವಳು ಪೈಲ್ವಾನನಿಗಾಗಿ ಕಾದು ನಿಂತಿದ್ದಳು. ಕೈಯಲ್ಲಿ ಎಳ್ಳೆಣ್ಣೆ ಸವರಿದ ದೊಡ್ಡ ರೊಟ್ಟಿ, ನಡುವೆ ಬೆಲ್ಲದ ಉಂಡೆ. ಹಾಕುವ ಮುಂಚೆ ನಾಯಿಗೆ ಕೈ ಮುಗಿದಳು.

ಆಗ ತಿಳಿಯಿತು. ಅವಳ ಮಗಳು ಗಿರಿಜಾಳಿಗೆ ಕೂಡಿಬಂದ ಸಂಬಂಧಗಳೆಲ್ಲ ಮುರಿಯುತ್ತಿದ್ದವು. ಶನಿಯ ಕಾಟ, ಶನಿವಾರಕ್ಕೊಮ್ಮೆ ಕರಿ ನಾಯಿಗೆ ಎಣ್ಣೆ ರೊಟ್ಟಿ ಹಾಕಿ ಎಂದು ಜೋಯಿಸರು ಹೇಳಿದ್ದರು. ಅದೇ ಜೋಯಿಸರು ಅದೇ ಮಾತನ್ನು ಓಣಿಯ ಇನ್ನೂ ಕೆಲವು ಮನೆಗಳಿಗೆ ಹೇಳಿದ್ದರು. ಶನಿ ಹಲವರಿಗೆ ಹಿಡಿದಿದ್ದ. ಕರಿ ನಾಯಿ ಮಾತ್ರ ಒಂದೇ. ಉಳಿದವೆಲ್ಲ ಕಂದು, ಬಿಳಿ, ಮಚ್ಚೆಯವು. ಒಂದಂತೂ ಮೈಯೆಲ್ಲ ಕರ್ರಗಿದ್ದರೂ ಪಾದ ಬೆಳ್ಳಗಿದೆ ಎಂಬ ಕಾರಣಕ್ಕೆ ಅನರ್ಹವಾಗಿತ್ತಂತೆ. ಹೀಗೆ ರಂಗಂಪೇಟೆಯ ಅರ್ಧ ಗ್ರಹಚಾರ ನಮ್ಮ ಪೈಲ್ವಾನನ ಹೊಟ್ಟೆಯಲ್ಲಿ ಪರಿಹಾರವಾಗುತ್ತಿತ್ತು.

"ಚಿಗವ್ವಾ, ಡಾಕ್ಟರ್ ಬ್ಯಾಡಂದಾರ. ಇನ್ನ ಹಾಕಬ್ಯಾಡ," ಎಂದೆ.

"ನಿನ್ನ ನಾಯಿ ಹೊಟ್ಟಿ ದೊಡ್ಡದೋ, ನನ್ನ ಮಗಳ ಬಾಳೇವು ದೊಡ್ಡದೋ?"

ಒಳಗಿನಿಂದ ಗಿರಿಜಾ ಕೂಗಿದಳು: "ಅವ್ವಾ, ನನ್ನ ಗಂಡ ಬರೋ ದಾರಿ ನಾಯಿ ಹೊಟ್ಟ್ಯಾಗಿಂದ ಐತೇನ? ಆ ನಾಯೀನ್ನ ಬಿಡು, ಹೋಗ್ಲಿ."

"ನೀ ಸುಮ್ಮನಿರು. ಹುಣಸಗಿಯವರು ನೋಡಾಕ ಬರೋರದಾರ. ಈಗ ಬಿಟ್ರ ಹೆಂಗ?" ಎಂದಳು ಚಿಗವ್ವ. ಅವಳ ಕಣ್ಣಲ್ಲಿದ್ದ ದಿಗಿಲು ನನಗೆ ಪರಿಚಯದ್ದೇ. ಅಂಥದ್ದನ್ನೇ ಹೊತ್ತುಕೊಂಡು ನಾನು ನಾಯಿಯ ಪಕ್ಕೆ ಮುಟ್ಟಿ ನೋಡುತ್ತಿದ್ದೆ.

ಮಾತು ನಡೆಯದ ಕಡೆ ನನ್ನಂಥವರು ದನಿ ಬದಲಿಸುತ್ತೇವೆ. ಮುಂದಿನ ಶುಕ್ರವಾರ ಸಂಜೆ, ಅಂಗಳದಲ್ಲಿ ಕುಳಿತು, ಗೆಳೆಯನ ಮೊಬೈಲಿನಿಂದ ಚಿಗವ್ವನಿಗೆ ಫೋನ್ ಹಚ್ಚಿದೆ. ಮೂಗಿನಿಂದ ಹೊರಟು ಹೊಟ್ಟೆಗೆ ಇಳಿಯುವ ಜೋಯಿಸರ ದನಿ ನನಗೆ ಬಾಯಿಪಾಠ. "ತಂಗೀ ಶರಣಮ್ಮ, ಗ್ರಹ ಮನಿ ಬದಲಿ ಮಾಡ್ಯಾನವಾ. ನಾಳಿಂದ ನಾಯಿ ಬ್ಯಾಡ. ಇರುವಿಗೆ ಸಕ್ಕರಿ ಹಾಕು," ಎಂದೆ.

"ಮಲ್ಯಾ," ಎಂದಳು ಚಿಗವ್ವ, "ಜೋಯಿಸರ ಮನ್ಯಾಗ ನಿಮ್ಮ ಪೈಲ್ವಾನ ಯಾಕ ತೇಕಾಕತ್ತಾನ?"

ನನ್ನ ಪಕ್ಕದಲ್ಲೇ ಮಲಗಿದ್ದವನ ಉಸಿರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೈಗುಳಕ್ಕೆ ಕಾದೆ. ಬರಲಿಲ್ಲ. "ಅಷ್ಟು ತೇಕತೈತೇನೋ ಅದು? ಫೋನ್ಯಾಗೂ ಕೇಳಸ್ತೈತಲ್ಲೋ," ಎಂದಳು. ಫೋನನ್ನು ಅವನ ಮೂತಿಯ ಹತ್ತಿರ ಹಿಡಿದೆ.

ಸ್ವಲ್ಪ ಹೊತ್ತಿಗೆ ಸೆರಗು ಸರಿಪಡಿಸಿಕೊಳ್ಳುತ್ತ ಅವಳೇ ಬಂದಳು. ನಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಪಕ್ಕೆಯ ಮೇಲೆ ಕೈ ಇಟ್ಟು, ಅದು ಏರಿಳಿಯುವುದನ್ನು ನೋಡಿದಳು. "ಇದು ಸತ್ತರ ಆ ಪಾಪ ಯಾರಿಗೆ ಹತ್ತತೈತಿ?" ಎಂದು ತನ್ನನ್ನೇ ಕೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಜೋಯಿಸರು ರೊಟ್ಟಿ ಹಾಕಂದಾರ. ಎಷ್ಟು ದೊಡ್ಡದು ಅಂತ ಹೇಳಿಲ್ಲ," ಎಂದಳು.

ಮರುದಿನ ಅವಳು ತಂದ ರೊಟ್ಟಿ ಬಳೆಯೊಳಗೆ ಕೂರುವಷ್ಟಿತ್ತು. ಎಣ್ಣೆ ಬೆರಳ ತುದಿಯಷ್ಟು, ಬೆಲ್ಲ ಇಲ್ಲ. ಕೈ ಮಾತ್ರ ಮೊದಲಿನಷ್ಟೇ ಭಕ್ತಿಯಿಂದ ಮುಗಿದಳು. ಉಳಿದ ಮನೆಗಳಿಗೂ ಅವಳೇ ಹೋಗಿ ಹೇಳಿ ಬಂದಳು. ಡಾಕ್ಟರರ ಮಾತು ಕೇಳದ ಓಣಿ ಚಿಗವ್ವನ ಮಾತು ಕೇಳಿತು. ಖಾಜಾಬಿ ಚಾಚಿ ಎಲುಬು ನಿಲ್ಲಿಸಿದಳು, "ಮೈ ಮ್ಯಾಲ ಕೈ ಆಡಿಸಿದ್ರ ತೂಕ ಹೆಚ್ಚಾಂಗಿಲ್ಲಲಾ?" ಎಂದು ನನ್ನಿಂದ ಖಾತ್ರಿ ಮಾಡಿಕೊಂಡು, ಈಗ ಅದನ್ನೇ ಮಾಡುತ್ತಾಳೆ. ನಮ್ಮ ಮನೆಯಲ್ಲೂ ಒಂದು ಸೋರಿಕೆ ಇತ್ತೆಂದು ಆಗ ಹೊರಬಿತ್ತು. ಅವ್ವ ಬೆಳಗಿನ ಮೊದಲ ರೊಟ್ಟಿಯನ್ನು ಒಲೆಯ ಮುಂದಿನಿಂದಲೇ ಅವನಿಗೆ ದಾಟಿಸುತ್ತಿದ್ದಳು. "ನನ್ನ ಮುಖ ನೋಡತೈತೋ, ನಾ ಏನ್ ಮಾಡಲಿ," ಎಂದಳು. ಈಗ ಅವಳು ಅವನಿಗೆ ಬೆನ್ನು ಕೊಟ್ಟು ಕುಳಿತು ರೊಟ್ಟಿ ಬಡಿಯುತ್ತಾಳೆ. ಹಾಕುವುದು ಸುಲಭ; ಹಾಕದೆ ಆ ಕಣ್ಣೆದುರು ಇರುವುದಕ್ಕೆ ಗಟ್ಟಿ ಎದೆ ಬೇಕು.

ತೂಕ ಇಳಿಯುತ್ತಿದೆ. ಆದರೆ ಶನಿಯ ಕಾಟದ ಹಾಗೆಯೇ ಅದೂ ಬೇಗ ಇಳಿಯುವಂಥದ್ದಲ್ಲ. "ಇನ್ನೂ ಇಳೀಬೇಕು, ಬಿಡಬೇಡಿ," ಎಂದಿದ್ದಾರೆ ಮೇಡಂ. ಹುಣಸಗಿಯವರು ಬಂದು ನೋಡಿ ಹೋಗಿದ್ದಾರೆ, ಇನ್ನೂ ಏನೂ ಹೇಳಿಲ್ಲ. ಬಿಸಿಲು ಮುಗಿದಿಲ್ಲ. ಚಿಗವ್ವ ಮತ್ತು ನಾನು ದಿನವೂ ಓಣಿಯಲ್ಲಿ ಎದುರಾದಾಗ ಒಬ್ಬರನ್ನೊಬ್ಬರು ಕೇಳುವುದಿಲ್ಲ. ಮುಖ ನೋಡಿಯೇ ತಿಳಿದುಕೊಳ್ಳುತ್ತೇವೆ.

ಮೊನ್ನೆ ಬೆಳಿಗ್ಗೆ ಒಂದು ಬೆಕ್ಕು ನಮ್ಮ ಅಂಗಳದಲ್ಲಿ, ಪೈಲ್ವಾನನ ಮೂಗಿನ ಮುಂದೆಯೇ, ಯಾವ ಅವಸರವೂ ಇಲ್ಲದೆ ನಡೆದು ಹೋಗುತ್ತಿತ್ತು. ಅವನು ತಟ್ಟನೆ ಎದ್ದ. ಎದ್ದವನು ಓಡಿದ! ಬೆಕ್ಕು ಗಾಬರಿಯಾಗಿ ಗೋಡೆ ಹತ್ತಿತು. ಕೆಳಗೆ ನಿಂತ ಪೈಲ್ವಾನನಿಗೆ, ಮುಂದೆ ಏನು ಮಾಡಬೇಕೆಂದು ಗೊತ್ತಾಗದೆ, ಬೆಕ್ಕಿಗಿಂತ ಹೆಚ್ಚು ಗಾಬರಿಯಾದಂತಿತ್ತು. ನಾನು ಕುಣಿದಾಡಬೇಕಿತ್ತು. ಬದಲಿಗೆ, "ಸಾವಕಾಶೋ, ಎದಿ ಒಡೀತೈತಿ!" ಎಂದು ಕೂಗುತ್ತ ಬರಿಗಾಲಲ್ಲಿ ಅವನ ಹಿಂದೆ ಓಡಿ ಪಕ್ಕೆಗೆ ಕೈಯಿಟ್ಟೆ.

"ಮಲಗಿದ್ರೂ ಅಂಜತಿ, ಓಡಿದ್ರೂ ಅಂಜತಿ," ಎಂದಳು ಅವ್ವ. "ನಾಯಿ ಕರಗಾಕತ್ತೈತಿ, ನಿನ್ನ ಅಂಜಿಕಿ ಊದಾಕತ್ತೈತಿ."

ನಿಜ. ನನ್ನ ಅಂಜಿಕೆಗೂ ಮನೆಮನೆಯಲ್ಲಿ ಊಟ ಸಿಗುತ್ತದೆ: ನಾಯಿ ತಿಂದರೆ ಒಂದು ತುತ್ತು, ತಿನ್ನದಿದ್ದರೆ ಎರಡು. ಅದಕ್ಕೂ ಪಥ್ಯ ಹಿಡಿಸಬೇಕೆಂದುಕೊಂಡಿದ್ದೇನೆ. ಆದರೆ ಪೂರ್ತಿ ಉಪವಾಸ ಕೆಡವುವ ಮನಸ್ಸಿಲ್ಲ. ಇಷ್ಟು ಪ್ರೀತಿ ಇರುವ ಮನೆಯಲ್ಲಿ ಅದೂ ಒಂದು ಮೂಲೆಯಲ್ಲಿ, ಬಡಕಲಾಗಿ, ಬಿದ್ದುಕೊಂಡಿರಲಿ. ಕನಿಷ್ಠ ಬಾಗಿಲಾದರೂ ಕಾಯುತ್ತದೆ. ಪೈಲ್ವಾನ ಆ ಕೆಲಸವನ್ನಂತೂ ಎಂದೂ ಮಾಡಿದವನಲ್ಲ.