ರೊಟ್ಟಿಗೆ ಹೆಸರಿಟ್ಟ ರವಿವಾರ

ಹೆಸರಿಲ್ಲದ ವಸ್ತುವಿಗೆ ಈ ಜಗತ್ತಿನಲ್ಲಿ ಸ್ಥಾನವಿಲ್ಲ. ನಾಮಕರಣವೆಂಬುದು ಮನುಷ್ಯಕುಲದ ಮೊಟ್ಟಮೊದಲ ಜವಾಬ್ದಾರಿ. ಈ ಮಾತನ್ನು ನಾನು ಗೋಪನಕೊಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು ಹೇಳಿದೆ. ಹೇಳಿ ಮುಗಿದಿದ್ದರೆ ಜೋಳ ಬೀಸಿಸಿಕೊಂಡು ಬರಬೇಕು, ಗಿರಣಿ ಮುಚ್ಚುವ ಹೊತ್ತಾಯಿತು ಎಂದು ನನ್ನ ಹೆಂಡತಿ ಹೇಳಿದಳು.

ನಾಮಕರಣವಾಗಬೇಕಾಗಿದ್ದುದು ನಮ್ಮ ಸೊಸೆ ಮಾಡುವ ಖಡಕ್ ರೊಟ್ಟಿಗೆ. ಹಿತ್ತಲಿನ ತಗಡಿನ ಚಪ್ಪರದಲ್ಲಿ ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಆಕೆ ರೊಟ್ಟಿ ಬಡಿಯಲು ಶುರುಮಾಡಿ ಬಹಳ ದಿನವಾಗಿತ್ತು. ರೊಟ್ಟಿಯೆಲ್ಲ ಹುಬ್ಬಳ್ಳಿ ಪೇಟೆಯ ಒಂದು ಅಂಗಡಿಗೆ ಹೋಗುತ್ತಿತ್ತು. ಅಂಗಡಿಯವನು ಅದರ ಮೇಲೆ ತನ್ನ ಹೆಸರಿನ ಚೀಟಿ ಹಚ್ಚಿ ಮಾರುತ್ತಿದ್ದ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ, ಒಂದು ಮದುವೆಯ ಊಟದವರೆಗೆ.

ಆ ಮದುವೆಯಲ್ಲಿ ಸೊಸೆಯ ಪಕ್ಕದ ಎಲೆಗೆ ಕೂತಿದ್ದ ಹೆಣ್ಣುಮಗಳೊಬ್ಬಳು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಇದು ಇಂಥ ಅಂಗಡಿಯದು, ಇಷ್ಟು ತೆಳ್ಳಗೆ ಮನೆಯ ಹೆಂಗಸರ ಕೈಯಲ್ಲಿ ಆಗುವ ಮಾತಲ್ಲ, ನೀವೂ ಒಮ್ಮೆ ತರಿಸಿ ನೋಡಿರಿ ಎಂದು ನಮ್ಮ ಸೊಸೆಗೇ ಬುದ್ಧಿ ಹೇಳಿದಳು. ಸೊಸೆ ‘ಹೌದ್ರಿ’ ಎಂದು ಊಟ ಮುಗಿಸಿ ಬಂದಳು. ಮರುದಿನ ಬೆಳಿಗ್ಗೆ ಹಂಚನ್ನು ಒಲೆಯ ಮೇಲಿಡುತ್ತ, ಇನ್ನು ಮೇಲೆ ರೊಟ್ಟಿ ಹೊರಗೆ ಹೋದರೆ ತಾನು ಇಟ್ಟ ಹೆಸರಿನಲ್ಲೇ ಹೋಗಬೇಕು, ಇಲ್ಲದಿದ್ದರೆ ಮನೆ ಮಂದಿ ತಿನ್ನುವಷ್ಟೇ ಬಡಿಯುತ್ತೇನೆ ಎಂದಳು. ಜಗಳದ ದನಿಯಲ್ಲಿ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಆಕೆ ಹವಾಮಾನದ ಸುದ್ದಿ ಹೇಳಿದಷ್ಟು ತಣ್ಣಗೆ ಹೇಳಿದಳು.

ದಾರಿಯೊಂದು ಬೇಗನೇ ಸಿಕ್ಕಿತು. ನನ್ನ ಮಗ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿದ್ದಾನೆ. ಅಲ್ಲಿಯ ಕ್ಯಾಂಟೀನು ನಡೆಸುವವರು ಇವನ ಡಬ್ಬಿಯಿಂದ ಒಂದು ರೊಟ್ಟಿ ತಿಂದು, ಸೋಮವಾರದಿಂದ ಕಳಿಸಿರಿ, ಆದರೆ ಪೊಟ್ಟಣದ ಮೇಲೆ ಹೆಸರು ಇರಬೇಕು ಎಂದರು. ಹೊಗಳುವುದಾದರೂ ಬೈಯುವುದಾದರೂ ಯಾರನ್ನು ಎಂದು ಗೊತ್ತಿರಬೇಕಲ್ಲ. ಹೆಸರಿಲ್ಲದೆ ಬಂದರೆ ಈಗ ರೊಟ್ಟಿ ಕೊಡುತ್ತಿರುವವರಿಂದಲೇ ತೆಗೆದುಕೊಳ್ಳುತ್ತೇವೆ ಎಂದೂ ಸೇರಿಸಿದರು. ಚೀಟಿ ಮುದ್ರಿಸುವವನು ರವಿವಾರ ಮಧ್ಯಾಹ್ನದೊಳಗೆ ಹೆಸರು ಬೇಕು ಎಂದ. ಹೀಗಾಗಿ ಗುರುವಾರ ನಮ್ಮ ಪಡಸಾಲೆಯಲ್ಲಿ ಸಭೆ ಸೇರಿತು.

ನಾನು ಹೈಸ್ಕೂಲು ಮಾಸ್ತರನಾಗಿ ನಿವೃತ್ತನಾದವನು. ಹಾಜರಿ ಕೂಗಿ ಕೂಗಿ ಹೆಸರುಗಳ ವಿಷಯದಲ್ಲಿ ನನಗೊಂದು ಅಧಿಕಾರ ಬಂದಿದೆ ಎಂಬ ತಿಳಿವಳಿಕೆ ನನ್ನದು. ಜೋಳಕ್ಕೆ ಸಂಸ್ಕೃತದಲ್ಲಿ ಯಾವನಾಳ ಎನ್ನುತ್ತಾರೆ. ಆದ್ದರಿಂದ ‘ಯಾವನಾಳಾಮೃತ’ ಎಂದು ಸೂಚಿಸಿದೆ. ಅಂಥ ಹೆಸರಿದ್ದರೆ ಮಂದಿ ಮೊಣಕಾಲು ನೋವಿಗೆ ಔಷಧ ಕೇಳಿಕೊಂಡು ಬರುತ್ತಾರೆ ಎಂದು ಹೆಂಡತಿ ತಳ್ಳಿಹಾಕಿದಳು. ಆಕೆಯ ಸೂಚನೆ ಮನೆದೇವರ ಹೆಸರು. ಆ ದೇವರ ಹೆಸರಿನಲ್ಲಿ ನಮ್ಮ ಓಣಿಯಲ್ಲೇ ಒಂದು ಗಿರಣಿ, ಒಂದು ಕಟಿಂಗ್ ಅಂಗಡಿ, ಒಂದು ಪಂಕ್ಚರ್ ಅಂಗಡಿ ಇವೆ. ದೇವರಿಗೂ ಸ್ವಲ್ಪ ವಿಶ್ರಾಂತಿ ಬೇಡವೇ ಎಂದು ನಾನು ಸೇಡು ತೀರಿಸಿಕೊಂಡೆ. ಮಗ ‘ಕ್ರಿಸ್ಪೋ’ ಎಂದ. ಅದನ್ನು ಯಾರೂ ಚರ್ಚೆಗೇ ಎತ್ತಿಕೊಳ್ಳಲಿಲ್ಲ.

ಕೊನೆಗೆ ಸೊಸೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಮೆಲ್ಲಗೆ ಅಂದಳು: “ತವರ ಬುತ್ತಿ ಅಂತ ಇಡೂಣೇನ್ರಿ?”

ಆಕೆಯ ತವರು ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಅಲ್ಲಿಂದ ಆಕೆ ಹೊರಡುವಾಗಲೆಲ್ಲ ಅವಳ ತಾಯಿ ಬಿಳಿ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇಟ್ಟು ಬುತ್ತಿ ಕಟ್ಟಿಕೊಡುತ್ತಿದ್ದರು. ರೊಟ್ಟಿ ತೆಳ್ಳಗೆ ಬಡಿಯುವುದನ್ನು ಕಲಿಸಿದವರೂ ಅವರೇ. ಈಗ ಆ ತಾಯಿ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಾತ್ವಿಕ ಆಕ್ಷೇಪಣೆಯೊಂದನ್ನು ಎತ್ತಿದೆ. ಗಂಡನ ಮನೆಯಲ್ಲಿ ಕೂತು ಬಡಿದ ರೊಟ್ಟಿಗೆ ತವರಿನ ಹೆಸರಿಟ್ಟರೆ, ಸೊಸೆ ಜಗಳವಾಡಿ ತವರು ಸೇರಿದ್ದಾಳೆ, ಅಲ್ಲಿಂದಲೇ ರೊಟ್ಟಿ ಮಾರುತ್ತಿದ್ದಾಳೆ ಎಂದು ಓಣಿ ತಿಳಿದುಕೊಳ್ಳುತ್ತದೆ ಎಂದೆ. ಹೆಂಡತಿ ಹೌದು ಹೌದು ಎಂದಳು. ಆಕೆ ನನ್ನ ಮಾತಿಗೆ ಹೌದೆಂದದ್ದೇ ನನಗೆ ಅನುಮಾನ ಹುಟ್ಟಿಸಬೇಕಾಗಿತ್ತು.

“ಖರೇ ಐತಿ ಬಿಡ್ರಿ ಮಾವಾರ,” ಎಂದು ಸೊಸೆ ಒಳಗೆ ಹೋದಳು.

ಶುಕ್ರವಾರ, ಶನಿವಾರವೂ ಹಿತ್ತಲಿನಿಂದ ರೊಟ್ಟಿ ಬಡಿಯುವ ಸಪ್ಪಳ ಮನೆಗೆ ಸಾಲುವಷ್ಟೇ ಕೇಳಿ ನಿಂತಿತು. ಮನೆ ಮಂದಿ ತಿನ್ನುವಷ್ಟೇ ಬಡಿಯುತ್ತೇನೆ ಎಂದಿದ್ದು ಬಾಯಿಮಾತಲ್ಲ ಎಂದು ಎಲ್ಲರಿಗೂ ಅರ್ಥವಾಯಿತು. ಆದರೂ ನಾನು ಯಾವನಾಳವನ್ನು ಬಿಡಲಿಲ್ಲ, ಹೆಂಡತಿ ದೇವರನ್ನು ಬಿಡಲಿಲ್ಲ.

ಶನಿವಾರ ಸಂಜೆ ಧಾರವಾಡದಿಂದ ಅಕ್ಕನ ಫೋನು ಬಂತು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮ ಕಡೆ ಮಗುವಿನ ಹೆಸರಿಡುವುದು ಸೋದರತ್ತೆಯ ಹಕ್ಕು. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಸುತ್ತ ನಿಂತ ಹೆಣ್ಣುಮಕ್ಕಳು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಅತ್ತೆ ಹೇಳಿದ ಮೇಲೆ ಆ ಹೆಸರಿಗೆ ಎದುರಾಡುವವರಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಿಗೆ, ಒಂದು ಆಕಳಿಗೆ, ಮಗನ ಮೊದಲ ಬೈಕಿಗೆ ಸಹ ಅಕ್ಕನೇ ಹೆಸರಿಟ್ಟದ್ದು. ಈಗ ತನ್ನನ್ನು ಕೇಳದೆ ಸಭೆ ಸೇರಿಸಿದ ಸುದ್ದಿ ಅವಳಿಗೆ ಹೇಗೋ ತಲುಪಿತ್ತು. ಸೊಸೆಯೇ ತಲುಪಿಸಿದ್ದಳೋ ಏನೋ, ನಾನು ವಿಚಾರಣೆ ಮಾಡಲಿಲ್ಲ.

“ತಮ್ಮಾ, ನಾ ಇನ್ನೂ ಜೀವಂತ ಇದ್ದೇನಪಾ,” ಎಂದಷ್ಟೇ ಹೇಳಿ ಫೋನು ಇಟ್ಟಳು.

ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಳು. ಕೈಚೀಲದಲ್ಲಿ ಕುಬಸದ ಖಣ, ಕೊಬ್ಬರಿ ಬಟ್ಟಲು, ಸಕ್ಕರೆ. ಚಹಾ ಕುಡಿದವಳೇ ಕಾಳು ಕೇರುವ ಮರ ತರಿಸಿ, ಅದರಲ್ಲಿ ಒಂದು ಕಟ್ಟು ರೊಟ್ಟಿ ಇಟ್ಟು, ಅರಿಶಿನ ಕುಂಕುಮ ಏರಿಸಿದಳು. ನನ್ನ ಹೆಂಡತಿ ಮತ್ತು ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳು ಅಕ್ಕನ ಬೆನ್ನ ಹಿಂದೆ ಬಂದು ನಿಂತರು. ಕಾರ್ಯ ಶಾಸ್ತ್ರೋಕ್ತವಾಗಿ ಆಗಬೇಕೆಂಬ ಕಾಳಜಿಯಿಂದ ನಾನು, ರೊಟ್ಟಿಗೆ ಕಿವಿ ಎಲ್ಲಿದೆ, ಹೆಸರು ಹೇಳುವುದು ಯಾವುದಕ್ಕೆ ಎಂದು ಕೇಳಿದೆ.

“ರೊಟ್ಟಿಗಿ ಇಲ್ಲ. ಮಾಡಿದಾಕಿಗಿ ಅದಾವಲ್ಲ,” ಎಂದು ಅಕ್ಕ ಸೊಸೆಯನ್ನು ಮಣೆಯ ಮೇಲೆ ಕೂಡಿಸಿದಳು.

ಅಕ್ಕ ಬಗ್ಗಿದಳು. ನಾನು ಮರ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆದ್ದರಿಂದ ಅವಳು ಕಿವಿಯಲ್ಲಿ ಅಂದದ್ದು ನನಗೆ ಮಾತ್ರ ಕೇಳಿಸಿತು.

“ಏನ್ ಇಡೂಣು? ಲಗೂ ಹೇಳವಾ, ಇವರು ನನ್ನ ಬೆನ್ನು ಮುರೀತಾರ.”

ಸೊಸೆ ಒಂದು ಕ್ಷಣ ತಲೆ ಎತ್ತಿ ಅಕ್ಕನ ಮುಖ ನೋಡಿದಳು. ಆಮೇಲೆ ಅವಳ ಕಿವಿಗೆ ಬಾಯಿ ಹಚ್ಚಿದಳು. ಅಕ್ಕ ನೆಟ್ಟಗೆ ನಿಂತು, ಹೆಸರು ತನಗೇ ಹೊಳೆದಿತ್ತು ಎನ್ನುವ ಮುಖ ಮಾಡಿ, ‘ತವರ ಬುತ್ತಿ’ ಎಂದು ಘೋಷಿಸಿದಳು.

ಗುದ್ದುಗಳು ಬಿದ್ದವು. ನನ್ನ ಹೆಂಡತಿಯ ಗುದ್ದಿನಲ್ಲಿ ಶಾಸ್ತ್ರಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚಿನ ಭಕ್ತಿ ಇತ್ತು.

ನಾನು ಸುಮ್ಮನಿರಬಹುದಿತ್ತು. ಆದರೆ ಆಕ್ಷೇಪಣೆ ನಡಾವಳಿಯಲ್ಲಿ ಉಳಿಯಲಿ ಎಂದು ಗುರುವಾರದ ಮಾತನ್ನೇ ಮತ್ತೆ ಹೇಳಿದೆ. ಇದು ಸೊಸೆಗೆ ಗಂಡನ ಮನೆ, ಇಲ್ಲಿಂದ ಹೋಗುವುದು ತವರ ಬುತ್ತಿ ಹೇಗಾದೀತು ಎಂದೆ. ಅಕ್ಕ ಬೆನ್ನು ತಿಕ್ಕಿಕೊಳ್ಳುತ್ತ ನನ್ನ ಕಡೆ ತಿರುಗಿದಳು.

“ನಾ ನಾಗರ ಪಂಚಮಿಗಿ ಎಲ್ಲಿಗಿ ಬರ್ತೇನಿ ತಮ್ಮಾ? ಈ ಮನಿ ನನ್ನ ತವರಮನಿ ಹೌದೋ ಅಲ್ಲೋ? ಇಲ್ಲಿಂದ ಕಟ್ಟಿದ ರೊಟ್ಟಿ ಮತ್ತೇನ್ ಆಕ್ಕತಿ?”

ಈ ಮನೆ ಕಟ್ಟಿಸಿದವರು ನಮ್ಮ ಅಪ್ಪ. ಅಕ್ಕ ಇಲ್ಲಿಂದಲೇ ಮದುವೆಯಾಗಿ ಹೋದವಳು. ಒಬ್ಬಳ ಗಂಡನ ಮನೆ ಇನ್ನೊಬ್ಬಳ ತವರು ಎಂಬ ಸರಳ ಸಂಗತಿ ನನ್ನ ತಾತ್ವಿಕ ಚಿಂತನೆಯಲ್ಲಿ ಬಿಟ್ಟುಹೋಗಿತ್ತು. ಹೆಂಡತಿ, ಅಕ್ಕಾರ ಇಟ್ಟ ಮೇಲೆ ಮುಗಿಯಿತು ಎಂದು ಸಕ್ಕರೆ ಹಂಚಲು ಶುರುಮಾಡಿದಳು. ಮಗ ಅಷ್ಟರಲ್ಲೇ ಮೊಬೈಲಿನಲ್ಲಿ ಮುದ್ರಣದವನಿಗೆ ಹೆಸರು ಕಳಿಸಿಬಿಟ್ಟಿದ್ದ. ಕಿವಿಯಲ್ಲಿ ಯಾರು ಯಾರಿಗೆ ಏನು ಹೇಳಿದರು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನವೆಲ್ಲ ಹಿತ್ತಲಿನಲ್ಲಿ ಮೂವರು ಬಡಿಯುವ ಸಪ್ಪಳ ಒಂದೇ ಸಮನೆ ಕೇಳುತ್ತಿತ್ತು. ನನ್ನ ನಿದ್ದೆ ಕೆಟ್ಟಿತು; ದೂರಲಿಲ್ಲ. ಸಂಜೆ ಅಕ್ಕ ಹೊರಟಾಗ ಸೊಸೆ ಬಿಳಿ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಅವಳ ಕೈಗಿಟ್ಟಳು. ಅಕ್ಕ ಗಂಟನ್ನು ಬಿಚ್ಚಿ ನೋಡಿ, ರೊಟ್ಟಿಯನ್ನು ಬೆಳಕಿಗೆ ಹಿಡಿದು, ಮತ್ತೆ ಕಟ್ಟಿ ಚೀಲದಲ್ಲಿಟ್ಟುಕೊಂಡಳು. ಬಸ್ ನಿಲ್ದಾಣದವರೆಗೆ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ‘ತವರ ಬುತ್ತಿ’ ಎಂಬ ಚೀಟಿ ಹಚ್ಚಿದ ರೊಟ್ಟಿ ಬೇಲೂರಿಗೆ ಹೋಯಿತು. ಮಂಗಳವಾರವೂ ಕಳಿಸಿರಿ ಎಂದು ಕ್ಯಾಂಟೀನಿನವರು ಹೇಳಿದರು.